ಪ್ಲೇಗ್ ಗೋದಾಮಿನ ನಲವತ್ತಾರು ಪ್ಲೇಟುಗಳು

ನಾನು, ಪೇಟೆ ಬೀದಿಯ ಗಡಿಯಾರದ ಅಂಗಡಿಯ ಮೇಲಿನ ಫೋಟೋ ಸ್ಟುಡಿಯೋದವರ ಹೆಂಡತಿ, ವಯಸ್ಸು 36 ವರ್ಷ, ಕಸುಬು ಗಾಜಿನ ಪ್ಲೇಟು ತೊಳೆದು ಫೋಟೋ ಅಚ್ಚು ಹಾಕುವುದು, ವಾಸ ಅದೇ ಸ್ಟುಡಿಯೋದ ಹಿಂದಿನ ಎರಡು ಕೋಣೆ, ಪ್ಲೇಗ್ ಕಮಿಟಿಯ ಕಾರ್ಯದರ್ಶಿಯವರು ನನ್ನ ಮೇಲೆ ಕೊಟ್ಟ ದೂರಿನ ವಿಚಾರವಾಗಿ ಈ ದಿನ ಮಧ್ಯಾಹ್ನ 2 ಗಂಟೆ 30 ನಿಮಿಷಕ್ಕೆ ಠಾಣೆಗೆ ಹಾಜರಾಗಿ, ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ:

ಊರಿಗೆ ಪ್ಲೇಗ್ ಬಂದದ್ದು ಜನವರಿಯಲ್ಲಿ. ಫೆಬ್ರವರಿ 2ರಿಂದ ಕಮಿಟಿಯವರು ನನ್ನ ಗಂಡನನ್ನು ಫೋಟೋ ಕೆಲಸಕ್ಕೆ ನೇಮಿಸಿಕೊಂಡರು. ಸೇತುವೆಯ ಆಚೆ ಹಾಕಿರುವ ಪ್ಲೇಗ್ ರೋಗಿಗಳ ಕ್ಯಾಂಪಿನಲ್ಲಿ ತೀರಿಕೊಂಡವರನ್ನೂ, ಬೀಗ ಹಾಕಿದ ಮನೆಗಳಲ್ಲಿ ಸಿಕ್ಕವರನ್ನೂ ಅದೇ ದಿನ ಹೂಳಬೇಕೆಂಬುದು ಕಾನೂನು. ಮನೆಯವರೋ ಬೇರೆ ಬೇರೆ ಕ್ಯಾಂಪುಗಳಲ್ಲಿ ಚದುರಿಹೋಗಿರುತ್ತಾರೆ. ಹೂಳುವ ಮೊದಲು ಮುಖದ ಫೋಟೋ ತೆಗೆದಿಟ್ಟರೆ ಮುಂದೆ ಯಾರಾದರೂ ಬಂದು ಗುರುತು ಹಿಡಿಯಬಹುದು ಎಂಬುದು ಕಮಿಟಿಯ ಉದ್ದೇಶ. ಕಮಿಟಿ ಕಚೇರಿಯ ಹೊರಗೋಡೆಗೆ ಹಲಗೆ ಹೊಡೆದು ಆ ಫೋಟೋಗಳನ್ನು ಅಂಟಿಸಿದ್ದಾರೆ. ಜನ ಬಂದು ನೋಡುತ್ತಾರೆ. ಕೆಲವರು ನೋಡಿ ಸಮಾಧಾನದಿಂದ ಹೋಗುತ್ತಾರೆ, ಕೆಲವರು ಅಲ್ಲೇ ಕುಸಿದು ಕೂರುತ್ತಾರೆ.

ಫೋಟೋ ತೆಗೆಯುವುದು ಕ್ಯಾಂಪಿನ ಹಿಂದಿರುವ ಹಳೆಯ ಹತ್ತಿ ಗೋದಾಮಿನಲ್ಲಿ. ದೇಹಗಳನ್ನು ಹಲಗೆಗಳ ಮೇಲೆ ಸಾಲಾಗಿ ಮಲಗಿಸಿ, ಕುತ್ತಿಗೆವರೆಗೆ ಬಟ್ಟೆ ಹೊದಿಸಿ, ಎದೆಯ ಮೇಲೆ ನಂಬರು ಬರೆದ ರಟ್ಟಿನ ಚೀಟಿ ಇಡುತ್ತಾರೆ. ಒಂದು ಪ್ಲೇಟಿಗೆ ನಾಲ್ಕು ಜನ. ಗೋದಾಮಿಗೆ ಇರುವುದು ಮೇಲುಗಡೆ ಒಂದೇ ಕಿಟಕಿ. ಬೆಳಕು ಸಾಲದ್ದರಿಂದ ಕ್ಯಾಮೆರಾದ ಮುಚ್ಚಳ ತೆಗೆದು ಆರು ಎಣಿಸುವವರೆಗೆ ಬಿಡಬೇಕು. ನನ್ನ ಗಂಡ ಬಾಯಿಬಿಟ್ಟು ಎಣಿಸುತ್ತಾರೆ. ಸ್ಟುಡಿಯೋದಲ್ಲಿ ಎರಡು ಎಣಿಸುವಷ್ಟರಲ್ಲಿ ಮಕ್ಕಳು ಮೂಗು ಕೆರೆದುಕೊಳ್ಳುತ್ತಾರೆ, ದೊಡ್ಡವರು ರೆಪ್ಪೆ ಬಡಿಯುತ್ತಾರೆ, ಪ್ಲೇಟು ಹಾಳಾಗುತ್ತದೆ. ಗೋದಾಮಿನಲ್ಲಿ ಆ ತೊಂದರೆ ಇರಲಿಲ್ಲ.

ಪ್ಲೇಟನ್ನು ಮದ್ದಿನ ನೀರಿನಲ್ಲಿ ತೊಳೆದು ಚಿತ್ರ ಬರಿಸುವುದು ನಾನು. ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆ ಆರಡಿ ಉದ್ದ, ಐದಡಿ ಅಗಲ. ಕೆಂಪು ಗಾಜಿನ ಒಂದು ದೀಪ ಇದೆ. ಈ ಕಸುಬನ್ನು ನನಗೆ ಕಲಿಸಿದವರು ನನ್ನ ಅತ್ತೆ. ಹದಿನೇಳು ವರ್ಷ ನಾವಿಬ್ಬರೂ ಆ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೆಲಸ ಮಾಡಿದ್ದೇವೆ. ಫೆಬ್ರವರಿ 18ರಂದು ಅತ್ತೆಗೆ ಜ್ವರ ಬಂತು. 19ರಂದು ತಪಾಸಣೆಯವರು ಕ್ಯಾಂಪಿಗೆ ಕರೆದುಕೊಂಡು ಹೋದರು. 20ರಂದು, ಶನಿವಾರ, ಗೋದಾಮಿನಲ್ಲಿ ನನ್ನ ಗಂಡ ತೆಗೆದ ಇಪ್ಪತ್ತನಾಲ್ಕನೇ ಪ್ಲೇಟಿನಲ್ಲಿ ಬಲಗಡೆಯ ಕೊನೆಯವರು ನನ್ನ ಅತ್ತೆ. ಚೀಟಿ ನಂಬರು 96. ನನ್ನ ಗಂಡ ಮನೆಗೆ ಬಂದು ಪ್ಲೇಟಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ತೊಳೆಯುವಾಗ ನಾನೇ ಕಂಡೆ. ಆ ಪ್ಲೇಟು ಬೇರೆಯವುಗಳಿಗಿಂತ ದಟ್ಟವಾಗಿತ್ತು. ಅಂದರೆ ಆ ದಿನ ಅವರು ಆರಕ್ಕೆ ನಿಲ್ಲಿಸಿಲ್ಲ, ಒಂಬತ್ತರವರೆಗಾದರೂ ಎಣಿಸಿದ್ದಾರೆ.

ಮಾರ್ಚ್ 9ರ ಮಂಗಳವಾರ ಅವರು ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಹೋಗಿ 10 ಗಂಟೆ 15 ನಿಮಿಷಕ್ಕೆ ವಾಪಸು ಬಂದರು. ಎರಡು ಪ್ಲೇಟು ತಂದಿದ್ದರು. ಅವರು ಸ್ನಾನಕ್ಕೆ ಹೋದರು, ನಾನು ಕತ್ತಲೆ ಕೋಣೆಗೆ ಹೋದೆ. 11 ಗಂಟೆಗೆ ಎರಡನೆಯದನ್ನು, ಅಂದರೆ ನಲವತ್ತೊಂದನೇ ಪ್ಲೇಟನ್ನು, ನೀರಿನಿಂದ ಎತ್ತಿ ಹೊರಗೆ ತಂದು ಕಿಟಕಿಗೆ ಹಿಡಿದು ನೋಡಿದೆ. 161, 162, 164 ಚೀಟಿಗಳ ಅಂಕೆಗಳು ಸ್ಪಷ್ಟವಾಗಿದ್ದವು. ಎಡದಿಂದ ಮೂರನೆಯವರದು 163 ಇರಬೇಕಿತ್ತು, ಆದರೆ ಓದಲು ಬರಲಿಲ್ಲ. ಭೂತಗನ್ನಡಿ ಇಟ್ಟು ನೋಡಿದೆ. ಚೀಟಿಯ ಅಂಚು ಎರಡೆರಡಾಗಿ ಕಾಣುತ್ತಿತ್ತು. ಮುಖ ಮಾತ್ರ ಸ್ಪಷ್ಟವಾಗಿತ್ತು. ನಲವತ್ತರ ಆಸುಪಾಸಿನ ಹೆಂಗಸು, ಕೆನ್ನೆಯ ಮೇಲೆ ಒಂದು ಮಚ್ಚೆ.

ನಾನು ಗಂಡನನ್ನು ಕರೆದೆ. ಅವರು ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರು. ನಡೆದ ಮಾತನ್ನು ಇದ್ದ ಹಾಗೇ ಹೇಳಬೇಕೆಂದು ಸಾಹೇಬರು ಕೇಳಿದ್ದರಿಂದ ಹೇಳುತ್ತೇನೆ.

"ಕ್ಯಾಮೆರಾ ಅಲ್ಲಾಡಿರ್ಬೇಕು" ಅಂದರು.

"ಅಲ್ಲಾಡಿದ್ರೆ ನಾಲ್ಕೂ ಅಲ್ಲಾಡ್ಬೇಕಿತ್ತಲ್ಲ ರೀ."

"ಗಾಳಿ ಬೀಸಿರತ್ತೆ."

"ಗಾಳಿಗೆ ಇವರ ಚೀಟಿ ಒಂದೇ ಕಂಡಿತಾ? ಹೊದಿಸಿರೋ ಬಟ್ಟೆ ತುದಿ ನೋಡಿ, ಗೆರೆ ಎಳೆದ ಹಾಗಿದೆ."

"ಇಲಿ ಏನಾದ್ರೂ ಓಡಿರ್ಬಹುದು ಕಣೇ."

"ಈ ಊರಲ್ಲಿ ಇಲಿ ಎಲ್ಲಿವೆ? ಅವು ನಮಗಿಂತ ಮುಂಚೆನೇ ಹೋದ್ವು."

ಚೀಟಿ ಅಲ್ಲಾಡಬೇಕಾದರೆ ಅದರ ಕೆಳಗಿನ ಎದೆ ಅಲ್ಲಾಡಿರಬೇಕು. ಅವರು ಪ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ನೋಡಿದರು. ಗಡಿಯಾರ ನೋಡಿದರು. ಹೂಳೋ ಜಾಗಕ್ಕೆ ಬಂಡಿ ಹೊರಡೋದು ಹನ್ನೆರಡಕ್ಕೆ ಅಂದರು.

ನಾನು ಒದ್ದೆ ಪ್ಲೇಟನ್ನು ಅತ್ತೆಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು 11 ಗಂಟೆ 12 ನಿಮಿಷಕ್ಕೆ ಮನೆ ಬಿಟ್ಟೆ. ಗಂಡ ಚಪ್ಪಲಿ ಹಾಕಿಕೊಳ್ಳದೆ ಹಿಂದೆ ಬಂದರು. ಸ್ಟುಡಿಯೋದಿಂದ ಕ್ಯಾಂಪಿಗೆ ಒಂದೂಕಾಲು ಮೈಲಿ. ಕ್ಯಾಂಪಿನ ಹೆಸರು ಕೇಳಿದ ಮೇಲೆ ಯಾವ ಗಾಡಿಯವರೂ ಹತ್ತಿಸಿಕೊಳ್ಳಲಿಲ್ಲ. ಸೇತುವೆಯವರೆಗೆ ನಾನು ಓಡಿಯೇ ಹೋದೆ. ನನ್ನ ಗಂಡನಿಗೆ ಓಡಿ ಅಭ್ಯಾಸವಿಲ್ಲ, ಸುಮಾರು ನೂರು ಗಜ ಹಿಂದೆ ಬಿದ್ದಿದ್ದರು.

ಸೇತುವೆಯ ಈಚೆ ದಡದಲ್ಲಿ ಬಿದಿರಿನ ಅಡ್ಡಗಟ್ಟೆ ಇದೆ. ಕಾವಲುಗಾರರು ಪಾಸು ಕೇಳಿದರು. ಪಾಸು ಗಂಡನ ಕೋಟಿನ ಜೇಬಿನಲ್ಲಿತ್ತು, ಕೋಟು ಮನೆಯ ಗೂಟದಲ್ಲಿತ್ತು. ಒಬ್ಬ ಹೆಂಗಸು ಬದುಕಿರುವಾಗಲೇ ಹೂಳುತ್ತಿದ್ದಾರೆ ಎಂದು ಹೇಳಿ ನಾನು ಪ್ಲೇಟು ಬಿಚ್ಚಿ ತೋರಿಸಿದೆ. ಕಾವಲುಗಾರರು ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಏನಮ್ಮಾ ಇದು, ಎಲ್ಲರ ಮುಖಾನೂ ಮಸಿ ಬಳಿದ ಹಾಗಿದೆ, ಕೂದಲು ಬೆಳ್ಳಗಿದೆ. ಇದರಲ್ಲಿ ಬದುಕಿರೋರು ಯಾರು, ಸತ್ತೋರು ಯಾರು?" ಎಂದು ಕೇಳಿದರು. ಪ್ಲೇಟಿನಲ್ಲಿ ಬೆಳಕು ಕಪ್ಪಾಗಿಯೂ ಕತ್ತಲು ಬಿಳಿಯಾಗಿಯೂ ಬೀಳುತ್ತದೆ ಎಂದು ವಿವರಿಸುವಷ್ಟು ಸಮಯ ಇರಲಿಲ್ಲ. ಪಾಸಿಲ್ಲದೆ ಬಿಡಲು ಸಾಧ್ಯವೇ ಇಲ್ಲ, ತಮ್ಮ ಕೆಲಸ ಹೋಗುತ್ತದೆ ಎಂದು ಅವರು ಹೇಳಿದರು. ನಾನು ಪ್ಲೇಟು ಕಿತ್ತುಕೊಂಡು ಬಿದಿರಿನ ಕೆಳಗೆ ನುಸುಳಿ ಓಡಿದೆ. ಅವರು ಸೀಟಿ ಊದಿದ್ದು ನಿಜ. ನಾನು ನಿಲ್ಲದಿದ್ದದ್ದೂ ನಿಜ. ದೂರಿನ ಮೊದಲನೇ ಭಾಗವನ್ನು ನಾನು ಒಪ್ಪುತ್ತೇನೆ. ಅದರಲ್ಲಿ ಕಾವಲುಗಾರರ ತಪ್ಪೇನೂ ಇಲ್ಲ ಎಂದು ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ಗೋದಾಮಿಗೆ ತಲುಪಿದಾಗ 11 ಗಂಟೆ 35 ನಿಮಿಷ. ಹಲಗೆಗಳು ಖಾಲಿಯಾಗಿದ್ದವು. ಬಿಸಿಲು ಜೋರಾಗಿದೆಯೆಂದು ಬಂಡಿ ಮುಕ್ಕಾಲು ಗಂಟೆ ಮೊದಲೇ ಹೊರಟಿತ್ತು. ಚೀಟಿಗಳು ಮೂಲೆಯ ಬುಟ್ಟಿಯಲ್ಲಿ ಬಿದ್ದಿದ್ದವು. ಹೂಳುವ ಜಾಗ ಅಲ್ಲಿಂದ ಮುನ್ನೂರು ಗಜ. ಸೀಟಿ ಕೇಳಿ ಕ್ಯಾಂಪಿನ ದುಭಾಷಿಯವರೂ ನನ್ನ ಹಿಂದೆಯೇ ಓಡಿಬಂದರು. ಅವರು ಕಮಿಟಿಯ ದೊಡ್ಡ ಡಾಕ್ಟರ ಮಾತನ್ನು ನಮಗೂ ನಮ್ಮ ಮಾತನ್ನು ಡಾಕ್ಟರಿಗೂ ಹೇಳುವವರು. ಡಾಕ್ಟರು ಹಡಗಿನಲ್ಲಿ ಬಂದ ದೊರೆಗಳಾದ್ದರಿಂದ ಅವರಿಗೆ ನಮ್ಮ ಮಾತು ಬರುವುದಿಲ್ಲ.

ಉದ್ದನೆಯ ಗುಂಡಿಯಲ್ಲಿ ಐದು ಜನರನ್ನು ಆಗಲೇ ಇಳಿಸಿ ಸುಣ್ಣ ಹಾಕಿದ್ದರು. ಮೂವರು ಇನ್ನೂ ಬಂಡಿಯಲ್ಲಿದ್ದರು. ಎಲ್ಲರನ್ನೂ ತಲೆಯಿಂದ ಕಾಲಿನವರೆಗೆ ಬಟ್ಟೆಯಲ್ಲಿ ಸುತ್ತಿ ಹೊಲಿದಿದ್ದರು. 163 ಯಾರು ಎಂದು ನಾನು ಬಂಡಿಯವರನ್ನು ಕೇಳಿದೆ. ಹೊಲಿದ ಮೇಲೆ ನಂಬರು ಗೊತ್ತಾಗುವುದಿಲ್ಲ ಎಂದು ಅವರು ಹೇಳಿದರು. ಅಷ್ಟರಲ್ಲಿ ಡಾಕ್ಟರು ಬಂದು ನಿಂತರು. ಅವರು ಹಿಂದಿನ ದಿನ ಮಧ್ಯಾಹ್ನದಿಂದ ಮಲಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಗಡ್ಡ ಬೋಳಿಸಿರಲಿಲ್ಲ. ಕೋಟಿನ ಗುಂಡಿ ಒಂದು ಕೆಳಗೆ ಒಂದು ಮೇಲೆ ಹಾಕಿದ್ದರು.

ಇವರಲ್ಲಿ ಒಬ್ಬರು ಬದುಕಿದ್ದಾರೆ, ಹೂಳಬೇಡಿ ಎಂದು ಹೇಳಿ ಅಂತ ನಾನು ದುಭಾಷಿಗೆ ಹೇಳಿದೆ. ದುಭಾಷಿಯವರು ಕೈಮುಗಿದುಕೊಂಡು ತುಂಬ ಹೊತ್ತು ಮಾತಾಡಿದರು. ನನ್ನ ಮಾತು ಅಷ್ಟು ಉದ್ದ ಇರಲಿಲ್ಲ. ಏನು ಹೇಳಿದಿರಿ ಎಂದು ಕೇಳಿದೆ.

"ದೊರೆಗಳ ಹತ್ರ ಮೊದಲು ಕ್ಷಮೆ ಕೇಳಿ ಆಮೇಲೆ ವಿಷಯಕ್ಕೆ ಬರ್ಬೇಕು ತಾಯೀ."

"ಕ್ಷಮೆ ಸಾಯಂಕಾಲ ಕೇಳೋಣ ಸ್ವಾಮಿ. ಈಗ ಬಟ್ಟೆ ಬಿಚ್ಚಿಸಿ."

ನಾನು ಡಾಕ್ಟರಿಗೇ ಪ್ಲೇಟು ಕೊಟ್ಟೆ. ಮೊದಲನೇ ಚೀಟಿ, ಎರಡನೇ ಚೀಟಿ, ನಾಲ್ಕನೇ ಚೀಟಿ ಬೆರಳಿಟ್ಟು ತೋರಿಸಿದೆ. ಆಮೇಲೆ ಮೂರನೆಯದನ್ನು ತೋರಿಸಿ, ನನ್ನ ಕೈಯನ್ನು ನನ್ನ ಎದೆಯ ಮೇಲಿಟ್ಟುಕೊಂಡು ಉಸಿರು ಎಳೆದು ಬಿಟ್ಟೆ. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಡಾಕ್ಟರು ತಾವೇ ಬಂಡಿ ಹತ್ತಿ ಚಾಕುವಿನಿಂದ ಹೊಲಿಗೆ ಕತ್ತರಿಸಿದರು. ಮೊದಲನೆಯವರು ಗಂಡಸು. ಎರಡನೆಯವರ ಕೆನ್ನೆಯ ಮೇಲೆ ಮಚ್ಚೆ ಇತ್ತು.

ಡಾಕ್ಟರು ತಮ್ಮ ಜೇಬುಗಡಿಯಾರದ ಗಾಜನ್ನು ಆಕೆಯ ಮೂಗಿನ ಹತ್ತಿರ ಹಿಡಿದರು. ನೋಡಿದರು, ಏನೂ ಇರಲಿಲ್ಲ. ಗಾಜನ್ನು ಅಂಗಿಗೆ ಒರೆಸಿ ಮತ್ತೆ ಹಿಡಿದರು. ಆ ಗಡಿಯಾರದಲ್ಲಿ ಎರಡು ನಿಮಿಷ ಆಯಿತು. ಬಂಡಿಯ ಎತ್ತುಗಳ ಗಂಟೆ ಸದ್ದು ಮಾಡದಂತೆ, ನನ್ನನ್ನು ಹಿಡಿಯಲು ಬಂದ ಕಾವಲುಗಾರರ ಜೊತೆಯಲ್ಲೇ ಬಂದು ಸೇರಿದ್ದ ನನ್ನ ಗಂಡ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಆಮೇಲೆ ಗಾಜಿನ ಮೇಲೆ ಮಂಜು ಕಟ್ಟಿತು, ಕಾಳಿನಷ್ಟು ಅಗಲ. ಡಾಕ್ಟರು ಟೋಪಿ ತೆಗೆದು ಒಂದು ಮಾತು ಹೇಳಿದರು. ದುಭಾಷಿಯವರು ಅದನ್ನು ನಮಗೆ ಹೇಳಲಿಲ್ಲ.

ಗುಂಡಿಯಲ್ಲಿದ್ದ ಐವರನ್ನೂ ಡಾಕ್ಟರು ಕೆಳಗಿಳಿದು ಒಬ್ಬೊಬ್ಬರನ್ನಾಗಿ ಪರೀಕ್ಷೆ ಮಾಡಿದರು. ಅವರು ಮೇಲೆ ಬಂದಾಗ ಮೊಣಕಾಲಿನವರೆಗೆ ಸುಣ್ಣ ಆಗಿತ್ತು. ಬೇರೆ ಯಾರೂ ಬದುಕಿರಲಿಲ್ಲ. ಅಂದಿನಿಂದ ಪ್ರತಿಯೊಬ್ಬರನ್ನೂ ಎರಡು ಗಂಟೆ ಕಾದು, ಗಾಜು ಹಿಡಿದು ನೋಡಿ, ಆಮೇಲೆಯೇ ಗೋದಾಮಿಗೆ ತರಬೇಕೆಂದು ಅವರು ಆಜ್ಞೆ ಮಾಡಿದ್ದಾರೆ. ಡಾಕ್ಟರ ಮೇಲೆ ನನಗೆ ಯಾವ ದೂರೂ ಇಲ್ಲ.

ಆ ಹೆಂಗಸಿಗೆ ನಾಲ್ಕನೇ ದಿನ ಪ್ರಜ್ಞೆ ಬಂತು. ಕಣ್ಣು ಬಿಟ್ಟ ತಕ್ಷಣ, "ನನ್ನ ಸೂಜಿ ಡಬ್ಬಿ ಯಾರು ತಗೊಂಡ್ರು?" ಎಂದು ಕೇಳಿದರೆಂದು ಕ್ಯಾಂಪಿನ ದಾದಿ ಹೇಳಿದರು. ಆಕೆ ಬೇರೆ ಊರಿನವರು, ಹಾಸಿಗೆ ಹೊಲಿಯುವ ಕೆಲಸ, ತಂಗಿಯನ್ನು ಹುಡುಕಿಕೊಂಡು ಬಂದು ಛತ್ರದಲ್ಲಿ ಇಳಿದಿದ್ದರು. ಈಗ ಎದ್ದು ಕೂರುತ್ತಾರೆ. ಮೊನ್ನೆ ನಾನು ಬೇಲಿಯ ಹೊರಗೆ ನಿಂತು ಮಾತಾಡಿಸಿದೆ. ಕ್ಯಾಂಪಿನ ಹಾಸಿಗೆಗಳ ಹೊಲಿಗೆ ಬಹಳ ಕೆಟ್ಟದಾಗಿದೆ ಎಂದು ದೂರಿದರು. ಫೋಟೋದ ವಿಷಯ ಆಕೆಗೆ ಯಾರೂ ಹೇಳಿಲ್ಲ, ನಾನೂ ಹೇಳಲಿಲ್ಲ.

ಇನ್ನು ದೂರಿನ ಎರಡನೇ ಭಾಗ. ಮಾರ್ಚ್ 24ರ ಬುಧವಾರ ಕಮಿಟಿಯ ಕಾರ್ಯದರ್ಶಿಯವರಿಂದ ಕಾಗದ ಬಂತು. ಇದುವರೆಗೆ ತೆಗೆದ ನಲವತ್ತಾರು ಪ್ಲೇಟುಗಳನ್ನೂ ಮೂರು ದಿನದೊಳಗೆ ಕಚೇರಿಗೆ ಒಪ್ಪಿಸಬೇಕು, ಸ್ಪಷ್ಟವಾಗಿರುವುದನ್ನು ದಾಖಲೆಗೆ ಇಟ್ಟುಕೊಳ್ಳಲಾಗುವುದು, ಅಸ್ಪಷ್ಟವಾಗಿರುವುದನ್ನು ಉಜ್ಜಿ ತೊಳೆದು ಆ ಗಾಜನ್ನು ಆಸ್ಪತ್ರೆಯ ಕಿಟಕಿಗೆ ಬಳಸಲಾಗುವುದು ಎಂದು ಅದರಲ್ಲಿತ್ತು. ಕಾರ್ಯದರ್ಶಿಯವರು ಕೆಟ್ಟ ಉದ್ದೇಶದಿಂದ ಹಾಗೆ ಬರೆದರೆಂದು ನಾನು ಹೇಳುತ್ತಿಲ್ಲ. ಹಾಳಾದ ಪ್ಲೇಟನ್ನು ಉಜ್ಜಿ ಬಳಸುವುದು ಎಲ್ಲ ಕಡೆ ಇದ್ದದ್ದೇ.

ಆದರೆ ಆ ಕಾಗದ ಓದಿದ ಮೇಲೆ, ಎರಡು ವಾರದಿಂದ ನಾನು ಮುಂದೂಡುತ್ತಾ ಬಂದಿದ್ದ ಕೆಲಸವನ್ನು ಮಾಡಲೇಬೇಕಾಯಿತು. 25ರ ಗುರುವಾರ ಬೆಳಿಗ್ಗೆ 9 ಗಂಟೆಗೆ ನಲವತ್ತಾರು ಪ್ಲೇಟುಗಳನ್ನೂ ಪೆಟ್ಟಿಗೆಯಿಂದ ತೆಗೆದು ಕಿಟಕಿಯ ಪಕ್ಕ ಇಟ್ಟುಕೊಂಡು ಒಂದೊಂದೇ ಚೀಟಿಯನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಹೋದೆ. ಒಟ್ಟು 184 ಚೀಟಿ. ಇಪ್ಪತ್ತನಾಲ್ಕನೇ ಪ್ಲೇಟನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದೆ. ಮಧ್ಯಾಹ್ನ 3 ಗಂಟೆಗೆ ಅದನ್ನು ನೋಡಿದೆ. ಅತ್ತೆಯ ಚೀಟಿಯ 96 ಸ್ಪಷ್ಟವಾಗಿತ್ತು. ರಟ್ಟಿನ ಅಂಚಿನಲ್ಲಿದ್ದ ನಾರು ಕೂಡ ಕಾಣುತ್ತಿತ್ತು. ಒಂಬತ್ತು ಎಣಿಸಿದರೂ ಅದು ಅಲ್ಲಾಡಿರಲಿಲ್ಲ. ನಾನು ಎರಡು ಸಲ ನೋಡಿದೆ. ಆಮೇಲೆ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿದ್ದೆ.

ಆದರೆ ಅದಕ್ಕೂ ಮೊದಲು, ಬೆಳಿಗ್ಗೆ 11 ಗಂಟೆಯ ಹೊತ್ತಿಗೆ ನೋಡಿದ ಹದಿನೈದನೇ ಪ್ಲೇಟಿನಲ್ಲಿ ಎಡದಿಂದ ಎರಡನೆಯವರ ಚೀಟಿಯ ಅಂಚು ಎರಡಾಗಿತ್ತು. ಅವರ ನಂಬರು 58. ಪಕ್ಕದ 57, 59, 60 ಸ್ಪಷ್ಟವಾಗಿದ್ದವು. ಅದನ್ನು ತೆಗೆದದ್ದು ಫೆಬ್ರವರಿ 13ರ ಶನಿವಾರ. ಆ ದಿನ ತೊಳೆಯುವಾಗಲೂ ನಾನು ಇದನ್ನು ಕಂಡಿದ್ದೆ. ಚೀಟಿ ಜಾರಿರಬೇಕು ಅಂದುಕೊಂಡು, ಅಚ್ಚು ಹಾಕಿದ ಫೋಟೋದ ಮೇಲೆ 58 ಎಂದು ನಾನೇ ಮಸಿಯಲ್ಲಿ ತಿದ್ದಿದ್ದೆ. ಇದನ್ನು ಯಾರೂ ಕೇಳಲಿಲ್ಲ, ನಾನಾಗಿಯೇ ಹೇಳುತ್ತಿದ್ದೇನೆ. ಅವರು ಮೂವತ್ತರ ಗಂಡಸು, ಮುಂದಿನ ಹಲ್ಲು ಒಂದು ಅರ್ಧ ಮುರಿದಿದೆ. ಅವರನ್ನು ಗುರುತು ಹಿಡಿಯಲು ಇದುವರೆಗೆ ಯಾರೂ ಬಂದಿಲ್ಲ.

ಸಾಯಂಕಾಲ ನಾನು ಗಂಡನಿಗೆ ತೋರಿಸಿದೆ. ಇದನ್ನು ಯಾರಿಗೂ ಹೇಳಬಾರದು, ಸುಮ್ಮನೆ ಎಲ್ಲದರ ಜೊತೆ ಕಳಿಸಿಬಿಡಬೇಕು ಎಂದು ಅವರು ಹೇಳಿದರು. ಕಮಿಟಿಯವರು ಅದನ್ನು ಉಜ್ಜಿಬಿಡುತ್ತಾರೆ ಎಂದೆ.

"ಉಜ್ಜಲಿ ಬಿಡು. ಅವನೇನು ಎದ್ದು ಬರ್ತಾನಾ? ಗೋಡೆ ಮೇಲಿರೋ ನೂರಾರು ಮುಖದ ಮನೆಯವರೆಲ್ಲ ನಾಳೆ ಬಂದು, ನಮ್ಮವರ ಚೀಟಿನೂ ನೋಡಿ ಅಂತಾರೆ. ಎಷ್ಟು ಜನಕ್ಕೆ ಉತ್ತರ ಹೇಳ್ತೀಯಾ?"

"ಎಲ್ಲರದ್ದೂ ನೋಡಿದೀನಲ್ಲ. ಕೇಳಿದ್ರೆ ಹೇಳ್ತೀನಿ."

ಅವರು ಪ್ಲೇಟನ್ನು ಮೇಜಿನ ಮೇಲಿಟ್ಟರು. ಆಮೇಲೆ, "ನಾನು ಅವನ ಎದುರಿಗೆ ನಿಂತ್ಕೊಂಡು ಆರು ಎಣಿಸಿದೀನಿ ಕಣೇ. ಗಟ್ಟಿಯಾಗಿ ಎಣಿಸಿದೀನಿ. ಕೇಳಿಸಿರತ್ತಾ ಅವನಿಗೆ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅವರು ಪ್ರತಿ ಪ್ಲೇಟಿನ ದಿನ, ಬೆಳಕು, ಹೊತ್ತು ಬರೆದಿಡುವ ಪುಸ್ತಕ ಒಂದಿದೆ. 58ರ ಫೋಟೋ ಎಷ್ಟು ಗಂಟೆಗೆ ತೆಗೆದದ್ದು ಎಂದು ನೋಡಲು ನಾನು ಆ ಪುಸ್ತಕ ಕೇಳಿದೆ. ಅವರು ಕೊಡಲಿಲ್ಲ. ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಮಲಗಿದರು. ಮದುವೆಯಾದ ಮೇಲೆ ಅವರು ನನ್ನಿಂದ ಏನನ್ನಾದರೂ ಬಚ್ಚಿಟ್ಟದ್ದು ಅದೇ ಮೊದಲು.

27ರ ಶನಿವಾರ ನಾನು ಕಚೇರಿಗೆ ನಲವತ್ತೈದು ಪ್ಲೇಟು ಒಪ್ಪಿಸಿ ರಸೀದಿ ಪಡೆದೆ. ಹದಿನೈದನೆಯದನ್ನು ಕೊಡಲಿಲ್ಲ. ಅದು ಒಡೆದಿದೆಯೇ ಎಂದು ಗುಮಾಸ್ತರು ಕೇಳಿದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಒಡೆದಿಲ್ಲ, ಮನೆಯಲ್ಲಿದೆ, ಕೊಡುವುದಿಲ್ಲ ಎಂದೆ. 28ರಂದು ಕಾರ್ಯದರ್ಶಿಯವರು ದೂರು ಕೊಟ್ಟರು.

ಆ ಪ್ಲೇಟನ್ನು ಈ ದಿನ ನಾನೇ ತಂದು ಇನ್‌ಸ್ಪೆಕ್ಟರ್ ಸಾಹೇಬರ ಮೇಜಿನ ಮೇಲೆ ಇಟ್ಟಿದ್ದೇನೆ. ಹೇಳಿಕೆ ಬರೆಯಲು ಶುರುಮಾಡುವ ಮೊದಲೇ ಅವರು ನನ್ನ ಭೂತಗನ್ನಡಿ ತೆಗೆದುಕೊಂಡು ಕಿಟಕಿಯ ಹತ್ತಿರ ನಿಂತು ಐದು ನಿಮಿಷ ನೋಡಿದರು. ಯಾವುದು 58 ಎಂದು ನಾನು ಆಗ ಇನ್ನೂ ಹೇಳಿರಲಿಲ್ಲ. ಅವರಾಗಿಯೇ ಎಡದಿಂದ ಎರಡನೆಯದರ ಮೇಲೆ ಬೆರಳಿಟ್ಟರು. ಆಮೇಲೆ ಕಮಿಟಿಯ ಸಾವಿನ ಪುಸ್ತಕ ತರಿಸಿದರು. 58ರ ಎದುರಿಗೆ, ಫೆಬ್ರವರಿ 13, ಬೆಳಿಗ್ಗೆ 7 ಗಂಟೆಗೆ ಮರಣ, ಮಧ್ಯಾಹ್ನ 12 ಗಂಟೆಗೆ ಹೂಳಿದೆ ಎಂದು ಇದೆ. ಫೋಟೋ ತೆಗೆದದ್ದು 7 ಗಂಟೆಯ ನಂತರ ಎಂಬುದಕ್ಕೆ ಸಾಕ್ಷಿ ಏನು ಎಂದು ಸಾಹೇಬರು ಕೇಳಿದರು. ನನ್ನ ಬಳಿ ಏನೂ ಇಲ್ಲ ಎಂದೆ.

ಈ ಹೇಳಿಕೆ ಇಲ್ಲಿಯವರೆಗೆ ಬರೆದಾಗ, 4 ಗಂಟೆ 10 ನಿಮಿಷಕ್ಕೆ, ನನ್ನ ಗಂಡ ಠಾಣೆಯ ಒಳಗೆ ಬಂದರು. ಅವರನ್ನು ಯಾರೂ ಕರೆಸಿರಲಿಲ್ಲ. ನನ್ನ ಕಡೆ ನೋಡದೆ ಒಳಜೇಬಿನಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟು, ಪುಟ ತೆರೆದು, ಹದಿನೈದನೇ ಪ್ಲೇಟು, ಬೆಳಕು ಸಾಧಾರಣ, ಹೊತ್ತು 9 ಗಂಟೆ 20 ನಿಮಿಷ ಎಂದಿರುವ ಸಾಲನ್ನು ತೋರಿಸಿದರು. "ಫೋಟೋ ತೆಗೆದಿದ್ದು ನಾನು ಸ್ವಾಮಿ. ಅವಳ ಹೆಸರಿನ ಕೆಳಗೆ ನನ್ನದೂ ಬರ್ಕೊಳ್ಳಿ" ಎಂದರು. ಕೂರಲು ಹೇಳಿದರೂ ಕೂರಲಿಲ್ಲ.

ನಿಮ್ಮ ಕೋರಿಕೆ ಏನು ಎಂದು ಸಾಹೇಬರು ಕೇಳಿದ್ದರಿಂದ ಹೇಳುತ್ತೇನೆ. ಪಾಸಿಲ್ಲದೆ ಒಳಗೆ ಹೋದದ್ದಕ್ಕೂ ಪ್ಲೇಟು ಇಟ್ಟುಕೊಂಡದ್ದಕ್ಕೂ ಇರುವ ಶಿಕ್ಷೆಯನ್ನು ಕೊಡಬಹುದು. ಹದಿನೈದನೇ ಪ್ಲೇಟನ್ನು ಉಜ್ಜಬಾರದು. ಸಾವಿನ ಪುಸ್ತಕದಲ್ಲಿ 58ರ ಎದುರಿಗಿರುವ 7 ಗಂಟೆಯನ್ನು ಹೊಡೆದುಹಾಕಿ, 9 ಗಂಟೆ 20 ನಿಮಿಷಕ್ಕೆ ಇವರು ಉಸಿರಾಡುತ್ತಿದ್ದರು ಎಂದು ಬರೆಯಬೇಕು. ಅದರ ನಂತರದ ಹೊತ್ತು ಯಾರಿಗೂ ಗೊತ್ತಿಲ್ಲ. ಆ ಜಾಗವನ್ನು ಖಾಲಿ ಬಿಡಬೇಕು, ಊಹೆ ಮಾಡಿ ತುಂಬಬಾರದು.

ಮೇಲೆ ಬರೆದಿರುವುದೆಲ್ಲ ನಾನು ಕಣ್ಣಾರೆ ಕಂಡು ಕೈಯಾರೆ ಮಾಡಿದ್ದು. ಬರೆದದ್ದನ್ನು ನನಗೆ ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಪೇಟೆ ಪೊಲೀಸ್ ಠಾಣೆ
ದಿನಾಂಕ: ಮಾರ್ಚ್ 29, ಸೋಮವಾರ, ಸಾಯಂಕಾಲ 4 ಗಂಟೆ 50 ನಿಮಿಷ

ಹೇಳಿಕೆ ಕೊಟ್ಟವರ ಸಹಿ

ಅದರ ಕೆಳಗೆ, ಫೋಟೋ ತೆಗೆದವರ ಸಹಿ